ಬಿಲ್ ಚೀಟಿಯ ಕಾಗದ ಬದಲಾಗಲಿ

ಮಾನ್ಯ ಸಂಪಾದಕರೇ,

ನಾನು ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ ಮಾಡುವವಳು, ಈಗ ಗರ್ಭಿಣಿ. ದಿನವಿಡೀ ಕೈಯಲ್ಲಿ ಬಿಲ್ ಚೀಟಿ. ಉಗುರಿನಿಂದ ಗೀಚಿದರೆ ಕಪ್ಪು ಗೆರೆ ಮೂಡುವ ನುಣುಪು ಕಾಗದ ಅದು. ಅದರ ಲೇಪನದಲ್ಲಿ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಇರಬಹುದು. ಇದು ದೇಹದೊಳಗೆ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ. ಅಂಡಾಣು, ವೀರ್ಯ, ಹೊಟ್ಟೆಯಲ್ಲಿರುವ ಮಗು, ಎಲ್ಲದಕ್ಕೂ ಇದರಿಂದ ತೊಂದರೆಯಾದೀತು ಎಂಬ ಆತಂಕ ವಿಜ್ಞಾನಿಗಳಿಗಿದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಟ್ಟಿದರೆ ಚರ್ಮದೊಳಗೆ ಇನ್ನೂ ಜಾಸ್ತಿ ಇಳಿಯುತ್ತದೆ. ಇದನ್ನು ನಮಗೆ ಯಾರೂ ಹೇಳುವುದೇ ಇಲ್ಲ!

ಐರೋಪ್ಯ ಒಕ್ಕೂಟ 2020ರಲ್ಲೇ ಇಂಥ ಕಾಗದದಲ್ಲಿ ಬಿಸ್ಫಿನಾಲ್ ಎ ಬಳಕೆಗೆ ಕಡಿವಾಣ ಹಾಕಿತು. ಆದರೆ ಅದರ ಬದಲಿಗೆ ಬಂದ ಬಿಸ್ಫಿನಾಲ್ ಎಸ್ ಕೂಡ ಅದರ ತಮ್ಮನೇ ಅಲ್ವಾ? ಬಿಸ್ಫಿನಾಲ್‌ಗಳ ಇಡೀ ಗುಂಪನ್ನೇ ನಿಷೇಧಿಸಬೇಕು. ಅಲ್ಲಿಯವರೆಗೆ ಕೌಂಟರ್‌ನಲ್ಲಿ ಕೂರುವವರಿಗೆ ಕೈಗವಸು ಕೊಡಿ, ಕೇಳಿದವರಿಗೆ ಮಾತ್ರ ಚೀಟಿ ಮುದ್ರಿಸಿ.

– ಒಬ್ಬ ಓದುಗಿ