ಹೀಟರ್ ಆಫ್ ಆದ್ರೆ ವಾಲ್ವ್ ಡೈರೆಕ್ಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಪುಣೆಯ ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ನನ್ನದೊಂದು ಸಣ್ಣ ಪೌಡರ್ ಕೋಟಿಂಗ್ ಶೆಡ್ ಇದೆ. ಗ್ರಿಲ್ಲು, ಪ್ಯಾನೆಲ್ ಬಾಕ್ಸ್ ಬರುತ್ತವೆ, ಬಣ್ಣದ ಪೌಡರ್ ಹೊಡೆದು ಓವನ್‌ನಲ್ಲಿ ಬೇಯಿಸಿ ಕೊಡುತ್ತೇವೆ. ಓವನ್ನಿನ ಗ್ಯಾಸ್ ಹೀಟರ್ 17 ವರ್ಷ ಹಳೆಯದು. ಹೋದ ಡಿಸೆಂಬರ್‌ನಲ್ಲಿ ಅದು ಬೆಳಗ್ಗೆ ಬೆಳಗ್ಗೆ ಮುಷ್ಕರ ಶುರು ಮಾಡಿತು. ಅರ್ಧ ಗಂಟೆ ಚೆನ್ನಾಗಿ ಉರಿಯುತ್ತದೆ, ಆಮೇಲೆ ಟಪ್ ಅಂತ ಆಫ್, ಕೆಂಪು ದೀಪ. ಪೌಡರ್‌ಗೆ 180ರಿಂದ 200 ಡಿಗ್ರಿ ಬೇಕು. ಮಧ್ಯದಲ್ಲಿ ನಿಂತರೆ ಅದು ಅರೆಬೆಂದ ರೊಟ್ಟಿ, ನೋಡೋಕೆ ಚೆಂದ, ಸ್ವಲ್ಪ ದಿನಕ್ಕೆ ಸಿಪ್ಪೆ ಏಳುತ್ತದೆ.

ಮೆಕ್ಯಾನಿಕ್ ಬಂದ, ಹೀಟರ್ ಹೊತ್ತಿಸಿ ಆರಿಸುವ ಕಂಟ್ರೋಲ್ ಬಾಕ್ಸ್ ಬದಲಿಸಿ ದುಡ್ಡು ತಗೊಂಡು ಹೋದ. ಮರುದಿನ ಅದೇ ಹಾಡು. ಎರಡನೇ ಸಲ ಬಂದವನು, "ಸೇಠ್, ಸೊಲೆನಾಯ್ಡ್ ವಾಲ್ವ್‌ಗೆ ಡೈರೆಕ್ಟ್ ಸಪ್ಲೈ ಕೊಟ್ಟುಬಿಡೋಣ, ಆಫ್ ಆಗೋ ಮಾತೇ ಇಲ್ಲ" ಅಂದ. ಕರೆಂಟ್ ಇರುವವರೆಗೆ ತೆರೆದಿದ್ದು, ಜ್ವಾಲೆ ಆರಿದ ಕೂಡಲೇ ಗ್ಯಾಸ್ ನಿಲ್ಲಿಸೋದೇ ಆ ವಾಲ್ವ್‌ನ ಕೆಲಸ. ಅದನ್ನು ಡೈರೆಕ್ಟ್ ಮಾಡಿದರೆ ಬೆಂಕಿ ಇಲ್ಲದೆ ಓವನ್ ತುಂಬ ಗ್ಯಾಸ್ ತುಂಬುತ್ತದೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಕೂರುತ್ತದೆ, ಆಮೇಲೆ ಒಂದು ಕಿಡಿ ಸಾಕು. ಬೇಡಪ್ಪಾ ಅಂದೆ.

ಆಮೇಲೆ ನಾನೇ ಕೂತು ನೋಡಿದೆ. ಆಫ್ ಆಗುವ ಹೊತ್ತಿಗೆ ಸಿಲಿಂಡರ್ ಮುಟ್ಟಿದರೆ ಐಸ್! ಕೆಳಗರ್ಧಕ್ಕೆ ಬಿಳಿ ಹಿಮ ಕಟ್ಟಿತ್ತು. 19 ಕೆಜಿಯ ಬರೀ ಎರಡು ಸಿಲಿಂಡರ್‌ನಿಂದ ಇಷ್ಟು ಗ್ಯಾಸ್ ಎಳೆದರೆ ಒಳಗಿನ ದ್ರವ ಆವಿಯಾಗುತ್ತಾ ತಾನೇ ತಣ್ಣಗಾಗುತ್ತದೆ, ಪ್ರೆಶರ್ ಬೀಳುತ್ತದೆ, ಬೆಂಕಿ ಆರುತ್ತದೆ, ಪುಣೆಯ ಚಳಿ ಬೇರೆ. ಗ್ಯಾಸ್‌ನವರಿಂದ ಮ್ಯಾನಿಫೋಲ್ಡ್ (ಸಿಲಿಂಡರುಗಳನ್ನು ಒಂದೇ ಪೈಪಿಗೆ ಸೇರಿಸುವ ಜೋಡಣೆ) ಹಾಕಿಸಿ ನಾಲ್ಕು ಸಿಲಿಂಡರ್ ಒಟ್ಟಿಗೆ ಕೂಡಿಸಿದೆವು, ಮುಗೀತು. ಕಂಟ್ರೋಲ್ ಬಾಕ್ಸ್ ದುಡ್ಡು ದಂಡ.

ಮೇ ತಿಂಗಳಲ್ಲಿ ಮತ್ತೆ ಬಂತು ರೋಗ. ಆದರೆ ಈ ಸಲ ಹೊತ್ತಿಕೊಂಡ ಎರಡು ಮೂರು ಸೆಕೆಂಡಿಗೇ ಆಫ್. ಹಾಗಾದರೆ ಇದು ಬೇರೆ ಕಾಯಿಲೆ ಅಲ್ವಾ? ಜ್ವಾಲೆಯಲ್ಲಿ ನಿಂತಿರುವ ಸೆನ್ಸರ್ ಕಡ್ಡಿ ಬೆಂಕಿಯ ಮೂಲಕ ಹರಿಯುವ ಬಹಳ ಸಣ್ಣ ಕರೆಂಟನ್ನು ಹಿಡಿಯುತ್ತದೆ, ಮೈಕ್ರೋಆಂಪ್ ಲೆಕ್ಕದಲ್ಲಿ. ಕಡ್ಡಿಗೆ ಮಸಿ ಹಿಡಿದಿದ್ದರೂ, ಅರ್ಥಿಂಗ್ ಸರಿ ಇಲ್ಲದಿದ್ದರೂ "ಬೆಂಕಿ ಇಲ್ಲ" ಅಂತ ಕಂಟ್ರೋಲ್ ಬಾಕ್ಸ್ ತಿಳಿದುಕೊಳ್ಳುತ್ತದೆ. ಕಡ್ಡಿಯನ್ನು ನೈಸ್ ಎಮರಿ ಪೇಪರಿನಿಂದ ಉಜ್ಜಿದೆವು, ಒಂದು ದಿನ ಸುಧಾರಿಸಿತು. ಪರಿಚಯದ ಎಲೆಕ್ಟ್ರಿಷಿಯನ್ ಬಂದು ಅರ್ಥ್ ಅಳೆದಾಗ ಗೊತ್ತಾಯಿತು, ಶೆಡ್ ಹಿಂದಿನ ಅರ್ಥ್ ಪಿಟ್ (ಅರ್ಥಿಂಗ್ ತಂತಿ ನೆಲಕ್ಕೆ ಸೇರುವ ಗುಂಡಿ) ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದೆ. ನಾಲ್ಕು ಬಕೆಟ್ ನೀರು ಹಾಕಿದೆವು, ಸರಿಹೋಯಿತು! ಈಗ ಬೇಸಿಗೆಯಲ್ಲಿ ವಾರಕ್ಕೆರಡು ಸಲ ತುಳಸಿ ಗಿಡಕ್ಕೆ ಹಾಕಿದ ಹಾಗೆ ಹಾಕುತ್ತೇವೆ.

ಇನ್ನೊಂದು ಮಾತು, ಕೆಂಪು ದೀಪ ಬಂದಾಗ ಹೀಟರ್ ಮತ್ತೆ ಶುರು ಮಾಡೋ ರಿಸೆಟ್ ಬಟನ್ ಸುಮ್ನೆ ಒತ್ತುತ್ತಾ ಇರಬೇಡಿ. ಪ್ರತಿ ಸಲ ಸ್ವಲ್ಪ ಗ್ಯಾಸ್ ಒಳಗೆ ಹೋಗಿರುತ್ತದೆ.

ಇದನ್ನೆಲ್ಲ ನಿಮಗೆ ಬರೆಯಲು ಕಾರಣ ಇದೆ. ಭೋಸರಿ, ಚಿಂಚವಾಡದ ಶೆಡ್‌ಗಳಲ್ಲಿ ಇಂಡಿ, ಸಿಂದಗಿ, ಅಫಜಲಪುರದ ಕಡೆಯ ಹುಡುಗರು ಜಾಸ್ತಿ. ಮಷೀನ್ ಪುಸ್ತಕ ಇಂಗ್ಲಿಷ್‌ನಲ್ಲಿ, ಗೋಡೆ ಮೇಲಿನ ಸೂಚನೆ ಮರಾಠಿಯಲ್ಲಿ. ರಿಸೆಟ್ ಒತ್ತುವವನಿಗೆ ಎರಡೂ ಬರೋದಿಲ್ಲ. ವಾರಕ್ಕೊಮ್ಮೆ ಅರ್ಧ ಕಾಲಂ ಇಂಥ ವಿಷಯ ಕನ್ನಡದಲ್ಲಿ ಹಾಕಿ, ಕತ್ತರಿಸಿ ಗೋಡೆಗೆ ಅಂಟಿಸೋ ಕೆಲಸ ನಮ್ಮದು. ನಮ್ಮ ಹಿಂದಿನ ಸಾಲಿನಲ್ಲೇ ಎರಡು ಓವನ್ ಇನ್ನೂ ಡೈರೆಕ್ಟ್ ಮೇಲೆ ಓಡುತ್ತಿವೆ.

ಒಬ್ಬ ಓದುಗ,
ಭೋಸರಿ, ಪುಣೆ