ಬಾಡು ಕಡಿಮೆಯಾಗಲಿ, ಕಾಳು ಹೆಚ್ಚಲಿ

ಮಾನ್ಯ ಸಂಪಾದಕರೇ,

2024ರ ಡಿಸೆಂಬರ್‌ನಲ್ಲಿ ನಮ್ಮ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಅಲ್ಲಿನ ಊಟದಲ್ಲಿ ಬಾಡೂಟವೂ ಇರಬೇಕೆಂಬ ಒತ್ತಾಯ ಎದ್ದದ್ದು, ಅದರ ಪರ-ವಿರೋಧದ ಮಾತುಗಳು ಜಿಲ್ಲೆಯ ಹೋಟೆಲು, ಬಸ್ಸು, ಜಗಲಿಗಳಲ್ಲೆಲ್ಲ ನಡೆದದ್ದು ಓದುಗರಿಗೆ ನೆನಪಿರಬಹುದು. ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಆ ಒತ್ತಾಯದ ಪರವಾಗಿದ್ದೆ, ಈಗಲೂ ಇದ್ದೇನೆ. 2014ರ ಸರ್ಕಾರಿ ಸಮೀಕ್ಷೆಯೊಂದರ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ 79ರಷ್ಟು ಮಂದಿ ಮಾಂಸಾಹಾರಿಗಳು. ಇಷ್ಟು ಜನರ ಊಟವನ್ನು ಸಾರ್ವಜನಿಕ ಪಂಕ್ತಿಯಲ್ಲಿ ಕಾಣದಂತೆ ಮರೆಮಾಡುವುದು ಅವರನ್ನು ಅವಮಾನಿಸಿದಂತೆಯೇ ಸರಿ. ನಾನು ಪಾಠ ಮಾಡಿದ ಶಾಲೆಯೊಂದರಲ್ಲಿ, ನನ್ನ ಡಬ್ಬಿಯಲ್ಲಿ ಮೊಟ್ಟೆಯ ಪಲ್ಯ ಕಂಡ ದಿನದಿಂದ ಇಬ್ಬರು ಸಹೋದ್ಯೋಗಿಗಳು ಮಧ್ಯಾಹ್ನದ ಊಟಕ್ಕೆ ಬೇರೆ ಮೇಜಿಗೆ ಹೋಗಿ ಕುಳಿತುಕೊಳ್ಳತೊಡಗಿದರು. ಆ ನೋವು ನಿವೃತ್ತಿಯಾದ ಮೇಲೂ ಆರಿಲ್ಲ. ಆದ್ದರಿಂದ, ಮಾಂಸವನ್ನು ಕಡಿಮೆ ಮಾಡೋಣ ಎಂದು ಈ ಪತ್ರದಲ್ಲಿ ನಾನು ಕೇಳಿಕೊಳ್ಳುವಾಗ, ಅದರಲ್ಲಿ ಮಡಿ-ಮೈಲಿಗೆಯ ಸೋಂಕು ಇಲ್ಲವೆಂದು ಓದುಗರು ನಂಬಬೇಕಾಗಿ ವಿನಂತಿ. ಬಾಡು ತಿನ್ನುವವಳಾಗಿಯೇ ಬಾಡು ತಿನ್ನುವವರಿಗೆ ಬರೆಯುತ್ತಿದ್ದೇನೆ.

ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಊರಿನಲ್ಲಿ ಬಾಡೂಟಕ್ಕೆ ಒಂದು ಲೆಕ್ಕವಿತ್ತು. ಯುಗಾದಿಯ ಮಾರನೆಯ ದಿನ ಹೊಸತೊಡಕು, ಮಾರಿಹಬ್ಬ, ಪಿತೃಪಕ್ಷದ ಎಡೆ, ಮನೆಗೆ ಅಳಿಯ ಬಂದ ದಿನ, ಬಾಣಂತಿಗೆ ನಾಟಿಕೋಳಿಯ ಸಾರು. ಇಷ್ಟಾದರೆ ವರ್ಷ ಕಳೆಯುತ್ತಿತ್ತು. ಸೋಮವಾರ, ಶನಿವಾರ ಮನೆದೇವರ ವಾರ. ಶ್ರಾವಣದ ಇಡೀ ತಿಂಗಳು ಬಾಡಿನ ಪಾತ್ರೆ ಅಟ್ಟದಿಂದ ಇಳಿಯುತ್ತಲೇ ಇರಲಿಲ್ಲ. ಹೊಸತೊಡಕಿನ ದಿನ ಬೆಳಗಿನ ಜಾವ ಹತ್ತು-ಹನ್ನೆರಡು ಮನೆಯವರು ಸೇರಿ ಒಂದು ಮರಿ ಕೊಯ್ದು, ಬಾಳೆಲೆಯ ಮೇಲೆ ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ಒಂದಿಷ್ಟು ಈರಲಿ, ಒಂದಿಷ್ಟು ಮೂಳೆ, ಒಂದಿಷ್ಟು ಚರ್ಬಿ ಸಮನಾಗಿ ಬೀಳಬೇಕು. ಯಾರ ಗುಡ್ಡೆಯೂ ಸೊರಗಬಾರದೆಂದು ಹಿರಿಯರೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು ಈ ಗುಡ್ಡೆಯಿಂದ ಆ ಗುಡ್ಡೆಗೆ ಒಂದೊಂದು ತುಂಡು ಎತ್ತಿಹಾಕುತ್ತಿದ್ದುದನ್ನು ನಾನು ಲಂಗ ಹಿಡಿದುಕೊಂಡು ನಿಂತು ನೋಡಿದ್ದೇನೆ. ಮನೆಗೆ ಬರುತ್ತಿದ್ದ ಪಾಲು ಮುತ್ತುಗದ ಎಲೆಯ ಒಂದು ಪೊಟ್ಟಣದಷ್ಟು. ಎಂಟು ಜನರ ಮನೆಯಲ್ಲಿ ಒಬ್ಬೊಬ್ಬರ ತಟ್ಟೆಗೆ ಎರಡೋ ಮೂರೋ ತುಂಡು ಬೀಳುತ್ತಿದ್ದವು, ಮಿಕ್ಕದ್ದೆಲ್ಲ ಸಾರು. ಆ ಸಾರಿನ ಪರಿಮಳ ಬೀದಿಗೇ ಹಬ್ಬವಾಗಿರುತ್ತಿತ್ತು.

ಇಂದು ನಮ್ಮ ಬೀದಿಯ ಎರಡೂ ತುದಿಗಳಲ್ಲಿ ಕೋಳಿ ಅಂಗಡಿಗಳಿವೆ. ಭಾನುವಾರ ಬೆಳಿಗ್ಗೆ ಕಾಲು ಸೂಪು, ಮಧ್ಯಾಹ್ನ ಬಿರಿಯಾನಿ, ಸಂಜೆ ಕಬಾಬು. ಮಂಗಳವಾರ, ಬುಧವಾರ ಮತ್ತೆ ಅದೇ. ನಾವು ಉಳಿಸಿಕೊಂಡಿದ್ದೇವೆ ಎಂದುಕೊಂಡಿರುವ ಪರಂಪರೆಗೂ ಈ ಪ್ರಮಾಣಕ್ಕೂ ಸಂಬಂಧವೇ ಇಲ್ಲ. ನಾಟಿಕೋಳಿ ಸಾರಿಗೆ ಬರಲು ಐದಾರು ತಿಂಗಳು ಬೇಕು; ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೋ ತೂಗುತ್ತದೆ, ಹಲವು ಬಾರಿ ತನ್ನ ಮೈಭಾರವನ್ನು ತನ್ನ ಕಾಲೇ ಹೊರಲಾಗದ ಸ್ಥಿತಿಯಲ್ಲಿ. ಮೊಟ್ಟೆಯ ಉದ್ಯಮದಲ್ಲಿ ಹುಟ್ಟುವ ಗಂಡು ಮರಿಗಳು ಮೊಟ್ಟೆಗೂ ಆಗುವುದಿಲ್ಲ, ಮಾಂಸಕ್ಕೂ ಲಾಭವಿಲ್ಲವೆಂದು ಹುಟ್ಟಿದ ದಿನವೇ ಕೊಲ್ಲಲ್ಪಡುತ್ತವೆ. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಕೊನೆಯ ಆಸರೆಯಾಗಿ ಬಳಸುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಕೋಳಿ ಮೊದಲಾದ ಸಾಕುಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಗಿ ಬಂತೆಂದರೆ, ಅಲ್ಲಿಯವರೆಗೆ ಅದು ಶೆಡ್ಡುಗಳಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಅಜ್ಜಿಯ ಅಂಗಳದಲ್ಲಿ ಕೆದಕಿ ತಿನ್ನುತ್ತಿದ್ದ ಕೋಳಿಯ ಹೆಸರಿನಲ್ಲಿ ನಾವು ಈ ಕೋಳಿಯನ್ನು ಸಮರ್ಥಿಸಿಕೊಳ್ಳಲಾಗದು.

ಬಯಲಿನಲ್ಲಿ ಕೂಳೆ ಮೇದು ಬೆಳೆಯುವ ಕುರಿಯ ಲೆಕ್ಕ ಬೇರೆ ಎಂಬುದನ್ನು ನಾನು ಒಪ್ಪುತ್ತೇನೆ. ಮಳವಳ್ಳಿ ಸೀಮೆಯ ಬಂಡೂರು ಕುರಿ ನಮ್ಮ ಜಿಲ್ಲೆಯ ಹೆಮ್ಮೆ, ಅದನ್ನು ಸಾಕುವವರ ಬದುಕು ನಡೆಯಲೇಬೇಕು. ಆದರೆ ಜಗತ್ತಿನ ಒಟ್ಟು ಲೆಕ್ಕದಲ್ಲಿ ಪಶುಸಾಕಣೆಯ ಹೊರೆ ದೊಡ್ಡದು: ಮಾನವ ಚಟುವಟಿಕೆಯಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 14.5ರಷ್ಟು ಅದರದ್ದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು. ದಾವಣಗೆರೆ, ಹಾವೇರಿಯ ಕಡೆ ಹೊಲದಿಂದ ಹೊಲಕ್ಕೆ ಹಬ್ಬಿರುವ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿಯ ಮೇವಾಗುತ್ತದೆ. ಜೋಳ, ತೊಗರಿ, ಅಲಸಂದೆ ಬೆಳೆಯಬಹುದಾದ ನೆಲದಲ್ಲಿ ಕೋಳಿಗೆ ಬೆಳೆದು, ಆ ಕೋಳಿಯನ್ನು ನಾವು ತಿನ್ನುವ ಸುತ್ತುದಾರಿ ಇದು.

ನಮ್ಮ ಮನೆಯಲ್ಲಿ ಬದಲಾವಣೆ ತಂದದ್ದು ಈ ಯಾವ ತಿಳಿವಳಿಕೆಯೂ ಅಲ್ಲ, ಭಯ. ನಾಲ್ಕು ವರ್ಷಗಳ ಹಿಂದೆ ನಮ್ಮ ಯಜಮಾನರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ವೈದ್ಯರು, ಕುರಿಮಾಂಸವನ್ನು ತಿಂಗಳಿಗೊಮ್ಮೆಗೆ ಇಳಿಸಿ, ಹುರಿದ-ಕರಿದ ಕೋಳಿಯನ್ನು ಬಿಟ್ಟೇಬಿಡಿ ಎಂದರು. ಸಾಸೇಜು, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲೇ ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಗುಂಪಿಗೂ, ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಂಭವವಿರುವವುಗಳ ಗುಂಪಿಗೂ ಸೇರಿಸಿದೆಯೆಂದು ನಮಗೆ ಗೊತ್ತಾದದ್ದು ಆಮೇಲೆ. ವೈದ್ಯರ ಮಾತು ಕೇಳಿ ಬಂದ ದಿನ ಯಜಮಾನರು ಮುದ್ದೆಯನ್ನು ಮುರಿಯದೆ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದರು. ಮಾಂಸವನ್ನು ಬಿಡುವವರಿಗೆ ಕಾಡುವುದು ಮಾಂಸಕ್ಕಿಂತ ಹೆಚ್ಚಾಗಿ ಅದರ ಮಸಾಲೆ, ಅದರ ಖಾರ, ಅದು ಹಲ್ಲಿಗೆ ಸಿಗುವ ಹದ ಎಂಬುದು ನನಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು.

ಅದು ಅರ್ಥವಾದ ಮೇಲೆ ದಾರಿ ಸುಲಭವಾಯಿತು. ನಮ್ಮ ಕಡೆಯ ಹಿತಕಿದ ಅವರೆಕಾಳಿನ ಸಾರಿಗೆ ಹಾಕುವುದು ಬಾಡಿನ ಸಾರಿನ ಮಸಾಲೆಯನ್ನೇ: ಚಕ್ಕೆ, ಲವಂಗ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಹುರಿಗಡಲೆ, ಹಸಿ ಕಾಯಿ, ಕೊತ್ತಂಬರಿ ಸೊಪ್ಪು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ. ಒಂದು ಸೇರು ಹಿತಕುವುದರೊಳಗೆ ಬೆರಳ ತುದಿ ಸುಕ್ಕುಗಟ್ಟುತ್ತದೆ, ಅವರೆಯ ಸೊಗಡು ಉಗುರಿನಿಂದ ಎರಡು ದಿನ ಹೋಗುವುದಿಲ್ಲ. ಆ ಸಾರಿನೊಂದಿಗೆ ಮುದ್ದೆ ಉಂಡ ದಿನ ನಮ್ಮ ಯಜಮಾನರು ಎರಡನೆಯ ಮುದ್ದೆ ಕೇಳಿದರು. ಅವರೆಯ ಕಾಲ ಮುಗಿಯುವ ಹೊತ್ತಿಗೆ ಎಳೆ ಹಲಸಿನಕಾಯಿ ಬರುತ್ತದೆ. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಮೇಣ ತೆಗೆದು, ತುಂಡುಗಳನ್ನು ಅರಿಶಿನ-ಉಪ್ಪು ಹಾಕಿ ಬೇಯಿಸಿ, ಅದೇ ಮಸಾಲೆಯಲ್ಲಿ ಕುದಿಸಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಅದರ ಹದ ಎಷ್ಟೋ ಜನರನ್ನು ಒಂದು ಕ್ಷಣ ನಂಬಿಸಿಬಿಡುತ್ತದೆ. ಆದರೆ ಹಲಸಿನಕಾಯಿಯಲ್ಲಿ ಪ್ರೊಟೀನು ತೀರಾ ಕಡಿಮೆ. ಅದನ್ನು ಮಾಂಸಕ್ಕೆ ಬದಲಿಯೆಂದು ತಿನ್ನುವವರು ಜೊತೆಗೆ ಕಾಳನ್ನೂ ಸೇರಿಸಿಕೊಳ್ಳಬೇಕು. ಮಳೆಗಾಲಕ್ಕೆ ಅಣಬೆ, ಉಳಿದ ದಿನಗಳಿಗೆ ಮೊಳಕೆ ಹುರುಳಿಯ ಬಸ್ಸಾರು, ಸೋಯಾ ಉಂಡೆಯ ಪಲಾವು ನಮಗೆ ಒಗ್ಗಿವೆ. ಧಾರವಾಡದ ಕಡೆಯ ಬೀಗಿತ್ತಿಯಿಂದ ಮಡಕಿಕಾಳಿನ ಉಸುಳಿಯನ್ನೂ ಶೇಂಗಾ ಹಿಂಡಿಯನ್ನೂ ಕಲಿತಿದ್ದೇನೆ.

ಮಾಂಸ ಬಿಟ್ಟರೆ ಶಕ್ತಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನು ಸಾಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ ಅದಕ್ಕಿಂತ ತುಸು ಹೆಚ್ಚು, ಸೋಯಾ ಉಂಡೆಯಲ್ಲಿ ಸುಮಾರು 50 ಗ್ರಾಂ ಪ್ರೊಟೀನಿದೆ. ಎರಡು ಮುದ್ದೆ, ಎರಡು ಹೊತ್ತು ಗಟ್ಟಿ ಕಾಳಿನ ಸಾರು, ಒಂದಿಷ್ಟು ಅನ್ನ, ಒಂದು ಹಿಡಿ ಕಡಲೆಕಾಯಿ ಬೀಜ ತಿನ್ನುವವರಿಗೆ ಆ 50 ಗ್ರಾಂ ದೂರವಲ್ಲ. ನೀರುನೀರಾದ ತಿಳಿಸಾರಿಗೆ ಅನ್ನ ಕಲಸಿಕೊಂಡು ‘ನಾವು ಸಸ್ಯಾಹಾರಿಗಳಾದೆವು’ ಎಂದುಕೊಂಡರೆ ಮಾತ್ರ ಕಷ್ಟ. ಬಿ12 ಜೀವಸತ್ವ ಸಸ್ಯಗಳಲ್ಲಿ ದೊರೆಯುವುದಿಲ್ಲವಾದ್ದರಿಂದ, ಹಾಲು-ಮೊಟ್ಟೆಯನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಅದರ ಮಾತ್ರೆ ತೆಗೆದುಕೊಳ್ಳಲೇಬೇಕು. ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಊಟದ ಜೊತೆ ನಿಂಬೆರಸವೋ ನೆಲ್ಲಿಕಾಯಿಯೋ ಇರಬೇಕು, ಉಂಡ ಕೂಡಲೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ತಪ್ಪಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಆದ್ದರಿಂದ ಮಾಂಸ ಕಡಿಮೆ ಮಾಡಿ ಎಂಬ ನನ್ನ ಮಾತು ವಾರಕ್ಕೆ ಮೂರು ನಾಲ್ಕು ಸಲ ತಿನ್ನುವ ಅನುಕೂಲವುಳ್ಳವರಿಗೆ ಮಾತ್ರ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವ ಮೊಟ್ಟೆಯನ್ನು ಯಾವ ಕಾರಣಕ್ಕೂ ಕಸಿಯಬಾರದು. ಮೊಟ್ಟೆಯ ದಿನ ತರಗತಿಯ ಹಾಜರಿ ತುಂಬುವುದನ್ನು, ಮೊಟ್ಟೆಯ ಅರ್ಧವನ್ನು ಮನೆಯ ತಮ್ಮನಿಗೆಂದು ಮಗುವೊಂದು ಕಾಗದದಲ್ಲಿ ಸುತ್ತಿಕೊಂಡದ್ದನ್ನು ನಾನು ಕಂಡಿದ್ದೇನೆ. ಹೊಟ್ಟೆ ತುಂಬಿದವರ ತಟ್ಟೆಯಲ್ಲಿ ಕಡಿಮೆಯಾಗಬೇಕಾದುದನ್ನು ಬಡಮಕ್ಕಳ ತಟ್ಟೆಯಿಂದ ಎತ್ತಿ ಪುಣ್ಯ ಕಟ್ಟಿಕೊಳ್ಳುವುದು ಅನ್ಯಾಯ.

ಬೆಂಗಳೂರಿನಲ್ಲಿರುವ ನಮ್ಮ ಮಗಳು ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ವೀಗನ್ ಆದಾಗ ನನಗೆ ಗಾಬರಿಯಾಗಿತ್ತು. ಅವಳು ಊರಿಗೆ ಬಂದ ಮೊದಲ ಬಾರಿ ಏನು ಮಾಡಿ ಬಡಿಸಲಿ ಎಂದು ಚಿಂತಿಸುತ್ತ ಅಡುಗೆಮನೆಯಲ್ಲಿ ನಿಂತಾಗ, ಉಪ್ಪೆಸರು, ಮಸ್ಸೊಪ್ಪು, ಹುಚ್ಚೆಳ್ಳು ಚಟ್ನಿ, ಒತ್ತುಶಾವಿಗೆಗೆ ಬೆಲ್ಲದ ಕಾಯಿಹಾಲು, ಇವುಗಳಲ್ಲಿ ಯಾವುದಕ್ಕೂ ಹಾಲಿನ ಹನಿ ಬೀಳುವುದಿಲ್ಲವೆಂಬುದು ಹೊಳೆಯಿತು. ಅವಳ ಊರಿನ ಅಂಗಡಿಗಳಲ್ಲಿ ಸಸ್ಯಜನ್ಯ ‘ಮಾಂಸ’ದ ಪೊಟ್ಟಣಗಳೂ ಬಾದಾಮಿ ಹಾಲಿನ ಡಬ್ಬಿಗಳೂ ಸಿಗುತ್ತವೆ, ವೀಗನ್ ಆಹಾರಕ್ಕೆಂದು 2022ರಲ್ಲಿ ಪ್ರತ್ಯೇಕ ನಿಯಮವನ್ನೂ ಗುರುತನ್ನೂ ಜಾರಿಗೆ ತರಲಾಗಿದೆ. ಅವುಗಳ ಬೆಲೆ ನಮ್ಮಂಥವರಿಗೆ ಎಟುಕದು, ಕೆಲವದರಲ್ಲಿ ಉಪ್ಪೂ ಜಾಸ್ತಿ. ಕಡಲೆಕಾಯಿ ಬೀಜ ನೆನೆಸಿ ರುಬ್ಬಿ ಸೋಸಿದ ಹಾಲನ್ನು ಹೆಪ್ಪುಹಾಕಿ ಅವಳು ಮಾಡುವ ಮೊಸರು ಮಜ್ಜಿಗೆಹುಳಿಗೆ ಚೆನ್ನಾಗಿ ಹೊಂದುತ್ತದೆ. ನಾನಿನ್ನೂ ಹಾಲು ಬಿಟ್ಟಿಲ್ಲ. ಹಸುವಿನ ಹಾಲನ್ನು ಡೇರಿಗೆ ಹಾಕಿ ಮಕ್ಕಳನ್ನು ಓದಿಸುತ್ತಿರುವ ಹೆಂಗಸರು ನಮ್ಮ ಬೀದಿಯಲ್ಲೇ ಇರುವಾಗ ಬಿಡಿ ಎಂದು ಯಾರಿಗೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಗಂಡು ಕರು ಹುಟ್ಟಿದರೆ ಆ ಮನೆಗಳಲ್ಲಿ ಮುಖ ಬಾಡುವುದನ್ನೂ, ಕೆಲವು ತಿಂಗಳಲ್ಲಿ ಕರು ಕೊಟ್ಟಿಗೆಯಲ್ಲಿ ಇಲ್ಲದಿರುವುದನ್ನೂ ನೋಡುತ್ತಿರುವ ನಾನು, ಆ ಕರುವಿನ ಗತಿಯೇನೆಂದು ಮಗಳು ಎತ್ತಿದ ಪ್ರಶ್ನೆಗೆ ಉತ್ತರ ಕೊಡಲಾರದೆ ಇದ್ದೇನೆ.

ಕೊನೆಯದಾಗಿ ಬೀಗರೂಟದ ವಿಷಯ. ಕುರಿಮಾಂಸ ಕಿಲೋಗೆ 700 ರೂಪಾಯಿ ದಾಟಿರುವಾಗ ಸಾವಿರಾರು ಜನಕ್ಕೆ ಮಾಂಸದೂಟ ಹಾಕಲು ಸಾಲ ಎತ್ತುವ ಮನೆಗಳನ್ನು ಬಲ್ಲೆ; ಊಟ ಮುಗಿದ ಮೇಲೆ ಮಡಿಸಿದ ಎಲೆಗಳೊಳಗೆ ಮುಟ್ಟದೆ ಬಿಟ್ಟ ತುಂಡುಗಳು ರಾಶಿ ಬೀಳುವುದನ್ನೂ ಕಂಡಿದ್ದೇನೆ. ಒಂದು ಜೀವದ ಬೆಲೆ ಅಲ್ಲಿ ಎಂಜಲೆಲೆಯ ಬೆಲೆಗೆ ಇಳಿದಿರುತ್ತದೆ. ಬೀಗರೂಟದಲ್ಲಿ ಐದು ಬಗೆಯ ಮಾಂಸದ ಬದಲು ಒಂದೇ ಬಗೆ ಇರಲಿ, ಅದರ ಪಕ್ಕದಲ್ಲಿ ಅಷ್ಟೇ ಗೌರವದಿಂದ ಕಾಳಿನ ಅಡುಗೆಗಳಿರಲಿ ಎಂದು ಜಿಲ್ಲೆಯ ಹಿರಿಯರನ್ನೂ ಅಡುಗೆ ಕಂಟ್ರಾಕ್ಟರುಗಳನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ತಾವೂ ಭಾನುವಾರದ ಅಡುಗೆ ಅಂಕಣದಲ್ಲಿ ಕೋಳಿಯ ಪಾಕಗಳ ನಡುವೆ ಇಂಥ ಅಡುಗೆಗಳಿಗೆ ಜಾಗ ಕೊಡಬೇಕು.

ಬರುವ ಮಾಘದಲ್ಲಿ ನಮ್ಮ ಮಗನ ಮದುವೆ ಇದೆ. ಬೀಗರೂಟಕ್ಕೆ ಒಂದು ಬಾಡಿನ ಸಾರು, ಮುದ್ದೆ, ಹಿತಕಿದ ಅವರೆಕಾಳಿನ ಸಾರು, ಒತ್ತುಶಾವಿಗೆ-ಕಾಯಿಹಾಲು ಎಂದು ಎರಡೂ ಮನೆಯವರು ಕೂತು ತೀರ್ಮಾನಿಸಿದ್ದೇವೆ. ಅಷ್ಟು ಅವರೆಕಾಳು ಹಿತಕುವವರು ಯಾರೆಂದು ಅಡುಗೆಯವರು ಕೇಳಿದರು. ಹಿಂದಿನ ದಿನ ಬೆಳಗಿನ ಜಾವವೇ ಬಂದು ಚಪ್ಪರದಡಿ ಕೂರುವುದಾಗಿ ಬೀದಿಯ ಹದಿನೈದು ಹೆಂಗಸರು ಮಾತು ಕೊಟ್ಟಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಮದ್ದೂರು ತಾಲ್ಲೂಕು