ಜಿಂಜರ್ ಪದದ ಬೇರು

ಚಿ. ಮೈಥಿಲಿಗೆ ಸೋದರಮಾವನ ಆಶೀರ್ವಾದಗಳು.

ಇಂಗ್ಲಿಷಿನ ‘ಜಿಂಜರ್’ ಪದವು ಸಂಸ್ಕೃತದ ‘ಶೃಂಗವೇರ’ದಿಂದ ಬಂದಿದೆಯೆಂದು ನೀನು ಬರೆದ ಟಿಪ್ಪಣಿಯನ್ನು ಸಂತೋಷದಿಂದ ಓದಿದೆ. ಶೃಂಗವೆಂದರೆ ಕೊಂಬು; ನಾವೂ ‘ಶುಂಠಿ ಕೊಂಬು’ ಎನ್ನುವುದರಿಂದ ಆ ವಿವರಣೆ ಕೂಡಲೇ ಮನಸ್ಸಿಗೆ ಒಪ್ಪುತ್ತದೆ. ಹಾಗೆ ಸುಲಭವಾಗಿ ಒಪ್ಪಿಗೆಯಾಗುವ ವ್ಯುತ್ಪತ್ತಿಯನ್ನೇ ಹೆಚ್ಚು ಪರೀಕ್ಷಿಸಬೇಕು, ಮಗೂ.

ಈಚಿನ ರೂಪದಿಂದ ಹಿಂದಕ್ಕೆ ಹೋಗು. ಇಂಗ್ಲಿಷಿನ ಹಿಂದೆ ಹಳೆಯ ಫ್ರೆಂಚೂ ಲ್ಯಾಟಿನ್ನೂ ಇವೆ, ಅವುಗಳ ಹಿಂದೆ ಗ್ರೀಕಿನ ‘ಜಿಂಗಿಬೆರಿಸ್’ ಇದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿಯು, ಶುಂಠಿಯು ಮೆಣಸಿನ ಗಿಡದ ಬೇರೆಂದು ಕೆಲವರು ನಂಬಿದ್ದನ್ನು ಅಲ್ಲಗಳೆದಿದ್ದಾನೆ. ಸರಕು ಅಲ್ಲಿಗೆ ತಲುಪಿತ್ತು, ಗಿಡದ ಪರಿಚಯ ತಲುಪಿರಲಿಲ್ಲ. ಈಗ ಗ್ರೀಕ್ ರೂಪದ ಮೊದಲ ಅಕ್ಷರವನ್ನು ಗಮನಿಸು: ಅದರಲ್ಲಿ ‘ಶೃ’ವಿನ ಋಕಾರದ ಸುಳಿವೇ ಇಲ್ಲ. ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ‘ಸಿಂಗಿವೇರ’ದಲ್ಲಿಯೂ ಇಲ್ಲ. ಆದ್ದರಿಂದ ಗ್ರೀಕರಿಗೆ ದೊರೆತದ್ದು ಪಂಡಿತರ ಸಂಸ್ಕೃತ ರೂಪವಲ್ಲ, ಪಾಳಿಗೆ ಹತ್ತಿರವಾದ ಆಡುಮಾತಿನ ರೂಪವೆಂದು ತಿಳಿಯಬೇಕು.

ನಿನ್ನ ಟಿಪ್ಪಣಿ ಸಂಸ್ಕೃತಕ್ಕೆ ಬಂದು ನಿಂತುಬಿಟ್ಟಿದೆ. ನನಗೆ ಅತ್ಯಂತ ಪ್ರಿಯವಾದ ಭಾಗವಿರುವುದು ಅದರಾಚೆ. ತಮಿಳು ಮಲಯಾಳಗಳಲ್ಲಿ ಹಸಿ ಶುಂಠಿಗೆ ‘ಇಂಜಿ’ ಎನ್ನುತ್ತಾರೆ, ‘ವೇರ್’ ಎಂದರೆ ನಮ್ಮ ‘ಬೇರು’; ಎರಡನ್ನೂ ಸೇರಿಸಿದರೆ ‘ಸಿಂಗಿವೇರ’ಕ್ಕೆ ಹತ್ತಿರವಾಗುತ್ತದೆ. ತಮಿಳಿನ ವಿಲ್ ಬಿಲ್ಲಾದಂತೆ, ವೆಳ್ಳಿ ಬೆಳ್ಳಿಯಾದಂತೆ, ಪದದ ಮೊದಲಿನ ವಕಾರವು ಕನ್ನಡದಲ್ಲಿ ಬಕಾರವಾಗುವುದನ್ನು ನೀನು ಹಳಗನ್ನಡದ ಪಾಠದಲ್ಲೇ ಓದಿದ್ದೀಯೆ. ಹಾಗಾದರೆ ‘ಸಿಂಗಿ’ಯ ಸಕಾರ ‘ಇಂಜಿ’ಯಲ್ಲಿ ಎಲ್ಲಿ ಹೋಯಿತೆಂದು ನೀನು ಕೇಳಬೇಕು, ಕೇಳಿದರೆ ಉತ್ತರವಿದೆ. ದ್ರಾವಿಡ ಭಾಷೆಗಳೆಲ್ಲದರ ಪೂರ್ವರೂಪವಾದ ಮೂಲ ದ್ರಾವಿಡದ ಪದಾದಿ ಚಕಾರವು ದಕ್ಷಿಣದ ಭಾಷೆಗಳ ಅನೇಕ ಪದಗಳಲ್ಲಿ ಲೋಪವಾಗಿದೆ: ನಮ್ಮ ‘ಆರು’ ಎಂಬ ಸಂಖ್ಯೆಗೆ ಮಧ್ಯ ಭಾರತದ ದ್ರಾವಿಡ ಭಾಷೆಯಾದ ಗೋಂಡಿಯಲ್ಲಿ ‘ಸಾರುಂಗ್’ ಎನ್ನುತ್ತಾರೆ; ಅಲ್ಲಿ ಆ ಚಕಾರ ಸಕಾರವಾಗಿ ಉಳಿದಿದೆ. ಇದರಿಂದಲೇ, ‘ಶೃಂಗವೇರ’ವು ದ್ರಾವಿಡ ಪದವೊಂದಕ್ಕೆ ಕೊಂಬಿನ ಅರ್ಥ ಹೊಂದಿಸಿ ಮಾಡಿಕೊಂಡ ಸಂಸ್ಕೃತ ರೂಪವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಭಾಷಾವಿಜ್ಞಾನಿ ಆ್ಯಲನ್ ರಾಸ್ ಅವರು 1952ರಲ್ಲಿ ‘ಜಿಂಜರ್’ ಎಂಬ ಒಂದೇ ಪದದ ಮೇಲೆ ಪುಸ್ತಕ ಪ್ರಕಟಿಸಿದರು.

ನಮ್ಮ ಭಾಷಾಕುಟುಂಬದ ಹೆಸರು ಬಂದಿತೆಂಬ ಹೆಮ್ಮೆಯಲ್ಲಿ ಕಿವಿಗೆ ಹೋಲುವುದನ್ನೆಲ್ಲ ಅದಕ್ಕೆ ಸೇರಿಸಬೇಡ. ‘ಜಾಗ್ರತೆಯಾಗಿ’ ಎಂಬರ್ಥದ ಇಂಗ್ಲಿಷಿನ ‘ಜಿಂಜರ್ಲಿ’ಗೂ ಶುಂಠಿಗೂ ಸಂಬಂಧವಿಲ್ಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ನಿನ್ನ ಕಾಲೇಜಿನ ಗ್ರಂಥಾಲಯದಲ್ಲಿದ್ದರೆ ‘ಇಂಚಿ’ (‘ಇಂಜಿ’ಯ ಬರಹದ ರೂಪ) ಎಂಬ ಉಲ್ಲೇಖವನ್ನು ನೋಡಿ, ಟಿಪ್ಪಣಿಯ ಕೊನೆಯ ಭಾಗವನ್ನು ತಿದ್ದಿ ನನಗೆ ಕಳುಹಿಸು.

ಇಂತು ನಿನ್ನ ಹಿತೈಷಿ,
ಸೋದರಮಾವ